ಬಿದ್ದು ಮುರಿದದ್ದಲ್ಲ

ಸತ್ಯವೇ ಲೋಕಕ್ಕೆ ಆಧಾರ, ಅದು ತಪ್ಪಿದರೆ ಭೂಮಿ ನಿಲ್ಲುವುದಿಲ್ಲ ಎಂದು ಹಿರಿಯರು ಹೇಳಿ ಹೋಗಿದ್ದಾರೆ. ಆ ಹಿರಿಯರಲ್ಲಿ ಯಾರೂ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ. ನಾನು ಈ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದೆ. ಯಾವ ತಾಲ್ಲೂಕೆಂದು ಹೇಳುವುದಿಲ್ಲ. ಪಿಂಚಣಿ ಇನ್ನೂ ಬರುತ್ತಿದೆ. ಅಷ್ಟು ವರ್ಷವೂ ಭೂಮಿ ನಿಂತೇ ಇತ್ತು, ಅದರ ಪಹಣಿ ಮಾತ್ರ ಆಗಾಗ ಅಲುಗಾಡುತ್ತಿತ್ತು.

ಆ ಕಚೇರಿಯ ಕಾಂಪೌಂಡಿನ ಹೊರಗೆ ಹೊಂಗೆ ಮರದ ಕೆಳಗೆ ಒಬ್ಬರು ಅರ್ಜಿ ಬರೆಯುತ್ತ ಕೂತಿರುತ್ತಿದ್ದರು. ಅವರ ಬಲಗೈ ನಡುಬೆರಳಿನ ಮೇಲೆ, ಉಗುರಿನ ಪಕ್ಕದಲ್ಲಿ, ಹುಣಸೆ ಬೀಜದಷ್ಟು ದೊಡ್ಡ ಗಂಟೊಂದಿತ್ತು. ನಲವತ್ತು ವರ್ಷ ಪೆನ್ನು ಒತ್ತಿ ಒತ್ತಿ ಬೆಳೆದದ್ದು. ಅದು ಸದಾ ನೀಲಿ. ಯುಗಾದಿಯ ದಿನ ಎಣ್ಣೆ ನೀರು ಹಾಕಿಕೊಂಡು ಸೀಗೆಪುಡಿಯಲ್ಲಿ ತಿಕ್ಕಿದರೂ ಹೋಗದಂಥ ನೀಲಿ. ಕೈ ಮುಗಿದರೆ ಮೊದಲು ಕಾಣುತ್ತಿದ್ದುದು ಆ ಗಂಟು, ಆಮೇಲೆ ಮನುಷ್ಯ.

ಜನ ಅವರನ್ನು ರೈಟ್ರು ಎನ್ನುತ್ತಿದ್ದರು. ಪಕ್ಕದ ಬೀದಿಯವರನ್ನು ಅವರ ನಿಜವಾದ ಹೆಸರು ಕೇಳಿದರೂ ತಡವರಿಸುತ್ತಿದ್ದರು. ಆದ್ದರಿಂದ ನಾನೂ ಬರೆಯುವುದಿಲ್ಲ. ಅವರ ಮನೆಯೂ ನನ್ನ ಮನೆಯೂ ಶಿಡ್ಲಘಟ್ಟದಲ್ಲಿ, ಒಂದೇ ಬೀದಿ. ಬೆಳಿಗ್ಗೆ ಒಂದೇ ಬಸ್ಸು ಹತ್ತಿ ಇನ್ನೊಂದು ಊರಿಗೆ ಹೋಗುತ್ತಿದ್ದೆವು. ಸ್ವಂತ ಊರಿನಲ್ಲೇ ಮೇಜು ಹಾಕಬಾರದೇ ಎಂದು ಕೇಳಿದ್ದಕ್ಕೆ, "ಊರಲ್ಲಿ ಕೂತ್ರೆ ನೆಂಟರ ಅರ್ಜಿ ಬಿಟ್ಟಿ ಬರೀಬೇಕಾಗುತ್ತೆ. ಅದೂ ಇನ್ನೊಬ್ಬ ನೆಂಟನ ಮೇಲೆ," ಅಂದಿದ್ದರು.

ಒಂದು ಮೇಜು, ಮೇಜಿನ ಒಂದು ಕಾಲಿಗೆ ಇಟ್ಟಿಗೆ, ಎರಡು ಸ್ಟೂಲು. ಇಷ್ಟೇ ಅವರ ಸಂಸ್ಥಾನ. ಕಚೇರಿಗೆ ಕಂಪ್ಯೂಟರು ಬಂದಾಗ ನಾವೆಲ್ಲ ಹೋಗಿ ಅವರಿಗೆ ಮುಂಗಡವಾಗಿ ಸಂತಾಪ ಹೇಳಿದೆವು. ಅವರು ಅದನ್ನು ಸ್ವೀಕರಿಸಲಿಲ್ಲ. "ಸರ್ವರ್ ಡೌನ್ ಅಂದ್ರೆ ಏನು ಗೊತ್ತೇನ್ರೀ ಗುಮಾಸ್ತ್ರೇ? ನನಗೆ ಅದೇ ಪಿಂಚಣಿ." ಆ ಮಾತು ಸುಳ್ಳಾಗಲಿಲ್ಲ.

ಅವರಿಗೊಂದು ಕಟ್ಟಳೆ ಇತ್ತು. ಅರ್ಜಿ ಬರೆದು ಮುಗಿದ ಮೇಲೆ ಅದನ್ನು ಅರ್ಜಿದಾರರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ. ಕೇಳಿದವರು "ಹೌದು ಸ್ವಾಮಿ, ನನ್ನ ಮಾತೇ" ಎನ್ನಬೇಕು. ತೆಲುಗಿನವರು "ಅವುನು ಸಾಮಿ, ನಾ ಮಾಟೇ" ಎನ್ನುತ್ತಿದ್ದರು. ಆ ಮಾತು ಬರುವ ತನಕ ಹೆಬ್ಬೆಟ್ಟಿಗೆ ಇಂಕಿಲ್ಲ, ಇವರ ಕೈಗೆ ಕಾಸಿಲ್ಲ.

ಒಂದು ಸಲ ಚೇಳೂರು ಕಡೆಯ ಮುದುಕಿಯೊಬ್ಬಳು ಬಂದಳು. ಮಗನ ಮೇಲೆ ದೂರು. ಇವರು ಬರೆದು ಓದಿದರು: ಮಗನು ನನ್ನನ್ನು ಮನೆಯಿಂದ ಹೊರಹಾಕಿರುತ್ತಾನೆ. ಮುದುಕಿ ತಲೆಯಾಡಿಸಿದಳು. "ವಾಡು ಹೊರಗೆ ಹಾಕ್ಲಿಲ್ಲ ಸಾಮಿ. ನಾನೇ ಬಂದೆ. ಇರಕ್ಕಾಗ್ಲಿಲ್ಲ, ಬಂದೆ." ಎರಡು ಪುಟದ ಅರ್ಜಿಯನ್ನು ರೈಟ್ರು ಹರಿದು ಹಾಕಿ ಹೊಸ ಹಾಳೆ ತೆಗೆದುಕೊಂಡರು. ಇರಲಾಗದಂತೆ ಮಾಡಿದ್ದರಿಂದ ನಾನಾಗಿಯೇ ಹೊರಬಂದಿರುತ್ತೇನೆ. ಆ ಅರ್ಜಿ ನನ್ನ ಮೇಜಿಗೇ ಬಂತು. ಅರ್ಜಿಯಲ್ಲಿ ತಪ್ಪು ಹುಡುಕಿ ವಾಪಸು ಕಳಿಸುವುದರಲ್ಲಿ ನಾನು ಸಾಮಾನ್ಯನಲ್ಲ. ಆದರೆ ಅದರಲ್ಲಿ ಬೆರಳಿಡಲು ಜಾಗ ಇರಲಿಲ್ಲ. ಮುದುಕಿಗೆ ಜೀವನಾಂಶ ಆಯಿತು.

"ಕ್ರಿಯಾಪದ ಕೆಟ್ರೆ ಕೇಸು ಕೆಟ್ಟಂಗೆ," ಎನ್ನುವುದು ಅವರ ನಿತ್ಯದ ಮಾತು. ಇನ್ನೊಂದು ಮಾತು ಅಳುತ್ತ ಬಂದವರಿಗೆ ಮೀಸಲು: "ಅಳಬೇಡಮ್ಮ. ಅರ್ಜಿಯಲ್ಲಿ ಅದಕ್ಕೆ ಕಾಲಂ ಇಲ್ಲ."

ನನಗೂ ಒಮ್ಮೆ ಅವರ ಪೆನ್ನೇ ಗತಿಯಾಯಿತು. ಒಂದು ಪಹಣಿಯಲ್ಲಿ ಅಣ್ಣನ ಜಮೀನನ್ನು ತಮ್ಮನ ಹೆಸರಿಗೆ ಏರಿಸಿದ್ದೆ. ಕಣ್ತಪ್ಪು. ಲಂಚ ತಿಂದಿದ್ದಾನೆ ಎಂದು ದೂರು ಹೋಗಿ ಇಲಾಖಾ ವಿಚಾರಣೆ ಶುರುವಾಯಿತು. ನಾನು ಹದಿನಾಲ್ಕು ಪುಟದ ಸಮಜಾಯಿಷಿ ಬರೆದು, ಅದರಲ್ಲಿ ನನ್ನ ತಂದೆಯ ಪ್ರಾಮಾಣಿಕತೆಯನ್ನೂ ಸೇರಿಸಿ, ಅವರಿಗೆ ತೋರಿಸಿದೆ. ಅವರು ಪೂರ್ತಿ ಓದಿ, ಮಡಿಚಿ ನನ್ನ ಜೇಬಿಗೇ ಇಟ್ಟು, ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಟ್ಟರು. ತಪ್ಪು ನನ್ನದು. ಲಾಭ ನನ್ನದಲ್ಲ. ತಿದ್ದಲು ಅದೇ ವಾರ ಟಿಪ್ಪಣಿ ಇಟ್ಟಿರುತ್ತೇನೆ, ಲಗತ್ತಿಸಿದೆ. ಕೆಲಸ ಉಳಿಯಿತು. ಈಗ ಬರುವ ಪಿಂಚಣಿ ಆ ಮೂರು ಸಾಲಿನದು.

ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಬಾಗೇಪಲ್ಲಿ ಕಡೆಯವರು, ಮನೆಮಾತು ತೆಲುಗು. ನನ್ನನ್ನು ಅಣ್ಣ ಎನ್ನುತ್ತಿದ್ದರು. ಬಹಳ ವರ್ಷ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಬಿಸಿನೀರಿಗೆ ಕೈ ಹಾಕಿ ಗೂಡಿನ ಎಳೆ ಹುಡುಕಿದವರು. ಅವರಿಗೆ ಓದು ಬರುತ್ತಿರಲಿಲ್ಲ. ಕಲಿಸಬಾರದೇ ಎಂದರೆ ರೈಟ್ರು ಉತ್ತರ ಹೇಳುವ ಮೊದಲೇ ಅವರೇ ಹೇಳುತ್ತಿದ್ದರು: "ಊರಿಗೆಲ್ಲ ಓದಿ ಹೇಳೋರು ನಂಗೆ ಓದಿ ಹೇಳಕಿಲ್ವಾ ಅಣ್ಣ?" ರೈಟ್ರು ಹೇಳುತ್ತಿದ್ದರು ಕೂಡ. ಸಂಜೆ ಜಗಲಿಯ ಮೇಲೆ ಕೂತು ಪತ್ರಿಕೆಯ ಗೂಡಿನ ಧಾರಣೆಯಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಓದುತ್ತಿದ್ದರು.

ಕಾಯಿಲೆ ಬೆನ್ನುನೋವಿನ ವೇಷದಲ್ಲಿ ಬಂತು. ರೈಟ್ರು ಸ್ಟೂಲನ್ನು ಬೈದರು, ಸ್ಟೂಲು ಬದಲಾಯಿಸಿದರು. ಆಮೇಲೆ ಬಸ್ಸನ್ನು ಬೈದರು. ಕೊನೆಗೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅದು ಗಂಡಸರಿಗೆ ವಯಸ್ಸಾದ ಮೇಲೆ ಬರುವ ಪ್ರಾಸ್ಟೇಟ್ ಕ್ಯಾನ್ಸರ್ ಎಂದೂ, ಹುಟ್ಟಿದ ಜಾಗ ಬಿಟ್ಟು ಮೂಳೆಗಳಿಗೆ ಹರಡಿದೆ ಎಂದೂ ಹೇಳಿದರು. ಸರ್ಕಾರದ ಆರೋಗ್ಯ ಕಾರ್ಡು ಇತ್ತು. ಕ್ಯಾನ್ಸರಿನ ಔಷಧಿ, ಮೊದಲ ಸಲದ ರೇಡಿಯೇಷನ್ ಎಲ್ಲ ಅದರಲ್ಲೇ ಆಯಿತು. ನಾವು ಉಸಿರು ಬಿಟ್ಟೆವು. ಬಿಟ್ಟದ್ದು ಸ್ವಲ್ಪ ಬೇಗ ಆಯಿತು.

ಕ್ಯಾನ್ಸರ್ ಎಂಬ ಮಹಾರಾಯನಿಗೆ ಸರ್ಕಾರ ಎಲೆ ಹಾಕಿ ಊಟ ಬಡಿಸಿತು, ಸರಿ. ಅವನ ಹಿಂದೆ ಬಂದ ಮೂಳೆಯ ಬಂಧುಬಳಗಕ್ಕೆ ಮನೆಯವರೇ ಬಡಿಸಬೇಕಾಯಿತು. ಮೂಳೆ ಗಟ್ಟಿಯಾಗಿಡಲು ತಿಂಗಳಿಗೊಂದು ಡ್ರಿಪ್ಪು. ಬೆನ್ನಿಗೆ ಬೆಲ್ಟು, ಮೊದಲನೆಯದು ಅಳತೆ ಸರಿಹೋಗದೆ ಎರಡನೆಯದು. ಬಸ್ಸಿನ ಕುಲುಕಾಟ ಕೂಡದು ಎಂದರು, ಆದ್ದರಿಂದ ಬಾಡಿಗೆ ಕಾರು. ನೋವಿನ ಮಾತ್ರೆ ಇಲ್ಲಿ ಸಿಗುವುದಿಲ್ಲ, ಅದಕ್ಕೂ ಬೆಂಗಳೂರು, ಅದಕ್ಕೂ ಕಾರು. ಹೆಂಡತಿಯ ಬಳೆ ಹೋಯಿತು, ಸರ ಹೋಯಿತು. "ಕ್ಯಾನ್ಸರ್‌ಗೆ ಸರ್ಕಾರ ಇದೆ ಕಣ್ರೀ. ಮೂಳೆಗೆ ಇವಳ ಕುತ್ತಿಗೆ ಇದೆ," ಅಂದರು ರೈಟ್ರು. ಅದಾದ ಮೇಲೆ ಯಾರಿಗೂ ಹೇಳದೆ ಡ್ರಿಪ್ಪು ಹಾಕಿಸಿಕೊಳ್ಳುವುದನ್ನು ಬಿಟ್ಟರು. ನನಗೆ ಗೊತ್ತಾದದ್ದು ಎಂಟು ತಿಂಗಳ ಮೇಲೆ. ಕೇಳಿದ್ದಕ್ಕೆ, "ಮೂಳೆಗೆ ತಿಂಗಳ ಸಂಬಳ ಯಾಕೆ? ನಾನೇ ದಿನಗೂಲಿ," ಅಂದರು. ನಾನು ನಕ್ಕೆ. ನಗಬಾರದಿತ್ತು.

ಅವರೆಕಾಯಿಯ ಕಾಲ. ಮಂಗಳವಾರ ಬೆಳಿಗ್ಗೆ. ಹೆಂಡತಿ ಅಡುಗೆಮನೆಯಲ್ಲಿ ಕಾಯಿ ಸುಲಿಯುತ್ತಿದ್ದರು. ಪತ್ರಿಕೆ ತೆಗೆದುಕೊಳ್ಳಲು ರೈಟ್ರು ಕುರ್ಚಿಯಿಂದ ಎದ್ದು, ಎಡಗಾಲಿನ ಮೇಲೆ ಭಾರ ಹಾಕಿ ತಿರುಗಿದರು, ಅಷ್ಟೆ. ಒಣಗಿದ ಅವರೆಕಾಯಿ ಬಿರಿದ ಹಾಗೆ ಶಬ್ದ ಬಂತಂತೆ. ಹೆಂಡತಿ ತಾವು ಸುಲಿಯುತ್ತಿದ್ದ ಕಾಯಿಯದೇ ಎಂದುಕೊಂಡರಂತೆ. ನಾನು ಓಡಿ ಹೋದಾಗ ಅವರು ನೆಲದ ಮೇಲಿದ್ದರು. ತೊಡೆ ಇರಬಾರದ ಕಡೆಗೆ ತಿರುಗಿತ್ತು. ಮುಖ ಸುಣ್ಣ.

"ಹೆಂಗೆ ಬಿದ್ರಿ ರೈಟ್ರೇ?"

"ಬೀಳಲಿಲ್ಲ ಗುಮಾಸ್ತ್ರೇ. ಮುರೀತು. ಮೊದಲು ಶಬ್ದ ಬಂತು, ಆಮೇಲೆ ನೆಲ ಬಂತು." ಅಂಥ ನೋವಿನಲ್ಲೂ ಅವರು ಕ್ರಮ ಬಿಡಲಿಲ್ಲ.

ಹೆಂಡತಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಸುಣ್ಣಕಟ್ಟು ಹುಳ ಇದ್ದಂಗಾಯ್ತು," ಅಂದರು. ರೇಷ್ಮೆ ಹುಳಕ್ಕೆ ಆ ರೋಗ ಬಂದರೆ ಮೈ ಬೆಳ್ಳಗೆ ಗಟ್ಟಿಯಾಗುತ್ತದೆ, ಹಿಡಿದರೆ ಬಳಪದ ಹಾಗೆ ಮುರಿಯುತ್ತದೆ. ಇದಕ್ಕಿಂತ ಸ್ಪಷ್ಟವಾಗಿ ಆಮೇಲೆ ಯಾವ ಡಾಕ್ಟರೂ ನನಗೆ ವಿವರಿಸಲಿಲ್ಲ.

ಚಿಕ್ಕಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಾರ್ಡು ನೋಡುವ ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಳು. ಒಳ್ಳೆಯ ಹುಡುಗಿ. ಸ್ಟ್ರೆಚರಿನ ಹತ್ತಿರಕ್ಕೇ ಎದ್ದು ಬಂದು ಕೇಳಿದಳು.

"ತಾತ, ಹೇಗೆ ಬಿದ್ರಿ?"

"ಬೀಳಲಿಲ್ಲಮ್ಮ. ಮುರಿದದ್ದರಿಂದ ಬಿದ್ದೆ. ಮೂಳೆಗೆ ಕ್ಯಾನ್ಸರ್ ಇದೆ."

ಹುಡುಗಿಯ ಪೆನ್ನು ಗಾಳಿಯಲ್ಲಿ ನಿಂತಿತು. ರೈಟ್ರನ್ನು ಎಕ್ಸ್‌ರೇಗೆ ತಳ್ಳಿಕೊಂಡು ಹೋದರು. ಆಮೇಲೆ ಅವಳು ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಅಂಕಲ್, ಬಿದ್ದು ಮುರಿದಿದ್ರೆ ಎಮರ್ಜೆನ್ಸಿ ಪ್ಯಾಕೇಜ್. ಇವತ್ತೇ ಅಪ್ರೂವಲ್, ನಾಳೆ ಆಪರೇಷನ್. ಕಾಯಿಲೆಯಿಂದ ತಾನಾಗೇ ಮುರಿದದ್ದು ಅಂದ್ರೆ ಅದು ಕ್ಯಾನ್ಸರ್ ಲೆಕ್ಕ. ಅದು ಇಲ್ಲಿ ಆಗಲ್ಲ. ಬೆಂಗ್ಳೂರಿಂದ ಲೆಟರ್ ಬರ್ಬೇಕು, ಈ ವರ್ಷದ ಲಿಮಿಟ್ ಉಳಿದಿದ್ಯಾ ನೋಡ್ಬೇಕು. ಏನಂತ ಹಾಕ್ಲಿ?"

ಎರಡು ಪದಗಳು. ಬಿದ್ದು ಮುರಿಯಿತು, ಮುರಿದು ಬಿದ್ದರು. ಹಿಂದಿನದನ್ನು ಮುಂದೆ ಇಟ್ಟರೆ ನಾಳೆ ಆಪರೇಷನ್. ಎಕ್ಸ್‌ರೇ ಕೋಣೆಯಿಂದ ಅವರು ಒಮ್ಮೆ ಕೂಗಿದ್ದು ಕೇಳಿಸಿತು. ನಲವತ್ತು ವರ್ಷದ ಪರಿಚಯದಲ್ಲಿ ಅವರು ಕೂಗಿದ್ದನ್ನು ನಾನು ಕೇಳಿರಲಿಲ್ಲ.

"ಬಚ್ಚಲಲ್ಲಿ ಜಾರಿ ಬಿದ್ರು," ಅಂದೆ. "ವಯಸ್ಸಾಗಿದೆ, ಏನೇನೋ ಹೇಳ್ತಾರೆ." ಕೆಳಗೆ ರುಜು ಹಾಕಿದೆ.

ಮರುದಿನ ಸಂಜೆ ಕಡತ ವಾಪಸು ಬಂತು. ರೋಗಿಯ ಹಿಂದಿನ ಚಿಕಿತ್ಸಾ ದಾಖಲೆಗಳೊಂದಿಗೆ ಹೇಳಿಕೆಯು ತಾಳೆಯಾಗುತ್ತಿಲ್ಲ, ಸ್ಪಷ್ಟೀಕರಣ ನೀಡುವುದು. ಅದೇ ಕಾರ್ಡಿನಲ್ಲಿ ಕ್ಯಾನ್ಸರಿನ ಜಾತಕವೆಲ್ಲ ಇತ್ತು. ನನ್ನ ಬುದ್ಧಿಗೆ ಅದು ಹೊಳೆದಿರಲಿಲ್ಲ. ಆ ವಾಕ್ಯವನ್ನು ಕೌಂಟರಿನ ಮುಂದೆ ಎರಡು ಸಲ ಓದಿದೆ. ಅದು ನನ್ನದೇ ವಾಕ್ಯ. ಮೂವತ್ತೊಂದು ವರ್ಷ ಸಾವಿರಾರು ಜನಕ್ಕೆ ನಾನೇ ಬರೆದು ಕಳಿಸಿದ್ದೆ. ಬರೆದು ಕಳಿಸಿ ಟೀಗೆ ಹೋಗುತ್ತಿದ್ದೆ.

ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದರು. ಮಲಗಿದಲ್ಲೇ ರೈಟ್ರು ಕೇಳಿದರು, "ಏನು ಬರೆಸಿದ್ರಿ?" ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಕಣ್ಣು ಮುಚ್ಚಿಕೊಂಡರು.

"ಬಚ್ಚಲು ಬೇರೆ," ಅಂದರು. "ಒಂದು ಸುಳ್ಳಿಗೆ ಒಂದು ಜಾಗ ಬೇರೆ ಕೊಟ್ರಿ. ಹಾಳೆ ತಗೊಳ್ಳಿ."

ಅವರು ಹೇಳಿದರು, ನಾನು ಬರೆದೆ. ದಿನಾಂಕ ಇಂಥದರಂದು ನನ್ನ ಎಡತೊಡೆಯ ಮೂಳೆಯು ರೋಗದ ಕಾರಣ ತಾನಾಗಿ ಮುರಿದು, ಅದರಿಂದ ನಾನು ಬಿದ್ದಿರುತ್ತೇನೆ. ನನ್ನ ಸ್ನೇಹಿತರು ತಪ್ಪಾಗಿ ಬೇರೆ ರೀತಿ ಹೇಳಿಕೆ ಕೊಟ್ಟಿರುತ್ತಾರೆ. ನಾನು "ನನ್ನ ಮೇಲಿನ ಪ್ರೀತಿಯಿಂದ" ಎಂದು ಸೇರಿಸಿದ್ದೆ. ಓದಿಸಿ ಕೇಳಿ ಅದನ್ನು ಹೊಡೆದು ಹಾಕಿಸಿದರು.

ಆ ಆಸ್ಪತ್ರೆಯ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿ, ನಿಜ ಹೇಳಿದ್ದೇ ಒಳ್ಳೆಯದಾಯಿತು ಅಂದರು. ಬಿದ್ದವರಿಗೆ ಹಾಕುವ ಲೋಹದ ಪಟ್ಟಿ ಹಾಕಿದ್ದರೆ ಪಕ್ಕದಲ್ಲೇ ಮತ್ತೆ ಮುರಿಯುತ್ತಿತ್ತಂತೆ. ಸೊಂಟದಿಂದ ಮಂಡಿಯವರೆಗೆ ಉದ್ದನೆಯ ರಾಡು ಹಾಕಬೇಕು, ಆಮೇಲೆ ರೇಡಿಯೇಷನ್ ಕೊಡಿಸಬೇಕು, ಬೆಂಗಳೂರಿಗೇ ಹೋಗಿ. ನನ್ನ ಸುಳ್ಳಿನಿಂದ ಅವರ ಕಾಲಿಗೆ ಬಂದ ಲಾಭ ಇಷ್ಟು: ನಾಲ್ಕು ದಿನ ನಷ್ಟ.

ಶನಿವಾರ ಆಂಬುಲೆನ್ಸಿನಲ್ಲಿ ಹೊರಟೆವು. ಹೆಂಡತಿ ಟವಲನ್ನು ಮಡಿಚಿ ಅವರ ಬಾಯಿಗೆ ಕೊಟ್ಟಿದ್ದರು, ಕಚ್ಚಿಕೊಳ್ಳಲು. ಹೆದ್ದಾರಿ ಚೆನ್ನಾಗಿದೆ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಮುರಿದ ತೊಡೆಯ ಪಕ್ಕ ಕೂತು ಹೋದವನಿಗೆ ಮಾತ್ರ ಆ ರಸ್ತೆಯ ಒಂದೊಂದು ಉಬ್ಬೂ ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ ಹಾಸಿಗೆ ಸಿಕ್ಕಿತು. ಸೋಮವಾರ ಬೆಳಿಗ್ಗೆ ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದರು. ಚಿಕ್ಕ ವಯಸ್ಸಿನವರು, ನಿದ್ದೆಗೆಟ್ಟ ಕಣ್ಣು. ಕಾರ್ಡಿನಲ್ಲಿ ಈ ವರ್ಷದ ಹಣ ಮುಕ್ಕಾಲು ಮುಗಿದಿದೆ. ಉಳಿದದ್ದು ರಾಡಿಗೂ ಸಾಲದು. ಹೆಚ್ಚುವರಿ ಮಂಜೂರಾತಿಗೆ ಬರೆದಿದ್ದೇವೆ, ಯಾವಾಗ ಬರುತ್ತದೋ ಹೇಳಲಾರೆ. ನಾಳೆ ಸಂಜೆಯೊಳಗೆ ಡಿಪಾಸಿಟ್ ಕಟ್ಟಿದರೆ ಬುಧವಾರದ ಪಟ್ಟಿಗೆ ಹಾಕುತ್ತೇನೆ. ಹೆಂಡತಿ ಒಂದೇ ಪ್ರಶ್ನೆ ಕೇಳಿದರು.

"ಮಾಡಿದ್ರೆ ಕೂತ್ಕೊಳ್ಳಕ್ಕಾಯ್ತದಾ ಸಾರ್?"

"ಕೂರಿಸ್ಬಹುದಮ್ಮ. ನೋವು ಹೋಗುತ್ತೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ ನಡೀಬಹುದು. ಹೀಗೇ ಮಲಗಿದ್ರೆ ಎದೇಲಿ ಕಫ ಕಟ್ಟುತ್ತೆ. ಅದೇ ನನ್ನ ಭಯ." ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಅವರು ಹೇಳಲಿಲ್ಲ, ಇವರು ಕೇಳಲೂ ಇಲ್ಲ.

ಹೆಂಡತಿ ನೇರ ಹಾಸಿಗೆಯ ಹತ್ತಿರ ಹೋದರು. "ಮನೆ ಕೊಡಣ ಕಣ್ರೀ. ಪಕ್ಕದ ಘಟಕದವರು ಎಷ್ಟು ದಿನದಿಂದ ಕೇಳ್ತಾವ್ರೆ. ಕರಾರು ಬರ್ಕೊಟ್ರೆ ಇವತ್ತೇ ಅಡ್ವಾನ್ಸ್ ಎಣಿಸ್ತಾರೆ." ಅದು ನಿಜ. ನಮ್ಮ ಬೀದಿಯ ರೀಲರು, ಅಂದರೆ ಆ ನೂಲಿನ ಘಟಕದ ಮಾಲೀಕ, ಅದನ್ನು ದೊಡ್ಡದು ಮಾಡಲು ಆ ಮನೆಗೆ ಎರಡು ವರ್ಷದಿಂದ ಕಾದಿದ್ದ. ಮನೆ ರೈಟ್ರ ಹೆಸರಿನಲ್ಲಿತ್ತು.

"ಮಾರಿ ನೀನೆಲ್ಲಿರ್ತೀಯೆ?"

"ಎಲ್ಲೋ ಬಾಡ್ಗೆಗೆ. ನೀವು ಕೂತ್ಕೊಂಡ್ರೆ ನಂಗೆ ಸಾಕು."

"ಆಗಲ್ಲ."

"ನಿಮ್ ಕಾಲು ಕಣ್ರೀ ಅದು."

"ನನ್ನ ಮನೆ ಕಣೇ ಅದು."

ಅವರು ಮುಖಕ್ಕೆ ಸೆರಗು ಮುಚ್ಚಿಕೊಂಡು ಕಾರಿಡಾರಿಗೆ ಹೋದರು. ರೈಟ್ರು ನನ್ನನ್ನು ಹತ್ತಿರ ಕರೆದರು. ದನಿ ಒಡೆದಿತ್ತು, ವಾಕ್ಯ ಒಡೆದಿರಲಿಲ್ಲ. "ಗುಮಾಸ್ತ್ರೇ, ಕಾಲು ಕೂಡಿದ್ರೆ ನಾನು ಆರು ತಿಂಗಳು ಕೂತಿರ್ತೀನಿ. ಮನೆ ಇದ್ರೆ ಅವಳು ಇಪ್ಪತ್ತು ವರ್ಷ ಕೂತಿರ್ತಾಳೆ. ಇದರಲ್ಲಿ ನಿಮಗೆ ಏನು ಸಂದೇಹ?"

"ಬುಧವಾರ ಮಾಡ್ತೀನಿ ಅಂತಾರಲ್ಲ ರೈಟ್ರೇ. ಹೀಗೆ ನರಳ್ತಾ..."

"ನರಳೋದಕ್ಕೆ ಯಾವ ಬಡ್ಡಿಯೂ ಇಲ್ಲ. ಹಾಳೆ ತನ್ನಿ. ಅವಳನ್ನೂ ಕರೀರಿ. ಕರಾರು ಬರೆಸ್ತೀನಿ ಅಂತ ಹೇಳಿ."

ಅವರು ಬರೆಸಿದ್ದು ಉಯಿಲು.

ಮೊದಲು ತಾವೇ ಬರೆಯಲು ನೋಡಿದರು. ಮಲಗಿಕೊಂಡು ಮೇಲ್ಮುಖವಾಗಿ ಹಿಡಿದರೆ ಪೆನ್ನಿನಲ್ಲಿ ಇಂಕು ಇಳಿಯುವುದಿಲ್ಲ. ಎರಡು ಅಕ್ಷರ ಮೂಡಿ ನಿಂತುಹೋಯಿತು. ಪೆನ್ನು ನನ್ನ ಕೈಗೆ ಬಂತು. ಪಿಸುದನಿಯಲ್ಲಿ ಹೇಳುತ್ತ ಹೋದರು. ನನ್ನ ಮರಣಾನಂತರ ಈ ಕೆಳಕಂಡ ಮನೆಯು ನನ್ನ ಹೆಂಡತಿಗೆ ಸಂಪೂರ್ಣ ಹಕ್ಕಿನಿಂದ ಸೇರತಕ್ಕದ್ದು. ನನ್ನ ಜೀವಿತ ಕಾಲದಲ್ಲಿ ಇದನ್ನು ಯಾರಿಗೂ ಪರಭಾರೆ ಮಾಡಿರುವುದಿಲ್ಲ, ಮಾಡುವುದಿಲ್ಲ. ನಾನು ಒಮ್ಮೆ ಪೆನ್ನು ನಿಲ್ಲಿಸಿದೆ. "ನಾನು ಹೇಳಿದ್ದನ್ನ ನೀವು ಬರೀಬೇಕು ಗುಮಾಸ್ತ್ರೇ. ತೀರ್ಪು ಕೊಡೋದಲ್ಲ," ಅಂದರು.

ಅಷ್ಟರಲ್ಲಿ ಹೆಂಡತಿ ಮುಖ ತೊಳೆದುಕೊಂಡು ಬಂದು ಹಾಸಿಗೆಯ ಅಂಚಿನಲ್ಲಿ ನಿಂತರು. ಆರು ದಿನಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ಸ್ವಲ್ಪ ಬೆಳಕಿತ್ತು. ಎಲ್ಲರಿಗೂ ಸಲ್ಲುವುದು ತಮಗೂ ಸಲ್ಲಬೇಕಲ್ಲ.

"ಓದಿ ಹೇಳಿ," ಅಂದರು.

ರೈಟ್ರು ಹಾಳೆಯನ್ನು ಮುಖದ ಮೇಲೆ ಹಿಡಿದುಕೊಂಡರು. ಓದಿದರು. ಶಿಡ್ಲಘಟ್ಟ ಟೌನಿನಲ್ಲಿ ವಾಸವಾಗಿರುವ ನಾನು, ನನ್ನ ಚಿಕಿತ್ಸೆಯ ಖರ್ಚಿನ ಸಲುವಾಗಿ, ಈ ಕೆಳಕಂಡ ಮನೆಯನ್ನು ಮಾರಲು ಮನಃಪೂರ್ವಕವಾಗಿ ಒಪ್ಪಿ, ಈ ದಿವಸ ಮುಂಗಡ ಹಣ ಪಡೆದು ಬರೆದುಕೊಟ್ಟ ಕ್ರಯದ ಕರಾರು ಪತ್ರ. ಹಾಳೆಯಲ್ಲಿ ಇಲ್ಲದ ಒಂದೊಂದು ಪದವೂ ಅವರ ಬಾಯಿಂದ ರುಜು ಮೊಹರಿನೊಂದಿಗೆ ಬರುತ್ತಿತ್ತು. ಎಲ್ಲೂ ತಡೆಯಲಿಲ್ಲ. ನಲವತ್ತು ವರ್ಷ ಸಾವಿರ ಕರಾರು ಬರೆದವರಿಗೆ ಇನ್ನೊಂದನ್ನು ಗಾಳಿಯಿಂದ ಓದುವುದು ಎಷ್ಟರ ಮಾತು. ಚಕ್ಕುಬಂದಿ ಬಂದಾಗ ಮಾತ್ರ ಬರೆದದ್ದೂ ಓದಿದ್ದೂ ಒಂದೇ ಆಯಿತು: ಪೂರ್ವಕ್ಕೆ ಬೀದಿ, ಪಶ್ಚಿಮಕ್ಕೆ ನೂಲಿನ ಘಟಕ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಬಾವಿ ಸಹಿತ ಖಾಲಿ ಜಾಗ. ಅಲ್ಲಿ ಅವರ ದನಿ ಒಂದಿಷ್ಟು ಇಳಿಯಿತು.

ಓದಿ ಮುಗಿಸಿ ಹಾಳೆ ಕೆಳಗಿಟ್ಟರು. ಹೆಂಡತಿ ಎರಡು ಕೈ ಜೋಡಿಸಿ, ಮರದ ಕೆಳಗಿನ ಅರ್ಜಿದಾರರ ಹಾಗೆಯೇ, ಅರ್ಧ ತಮಾಷೆಗೆ ಅರ್ಧ ನಿಜವಾಗಿ ಹೇಳಿದರು: "ಅವುನು ಸಾಮಿ. ನಾ ಮಾಟೇ."

ರೈಟ್ರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಹಾಸಿಗೆಯ ಪಕ್ಕಕ್ಕೆ ಹಾಳೆ ಹಿಡಿದೆ, ಅವರು ಹೇಗೋ ರುಜು ಎಳೆದರು. ಸಾಕ್ಷಿಗೆ ನಾನೊಬ್ಬ ರುಜು ಮಾಡಿದೆ. ಇನ್ನೊಂದಕ್ಕೆ ಪಕ್ಕದ ಹಾಸಿಗೆಯ ಹತ್ತಿರ ಇದ್ದವನನ್ನು ಕರೆದೆ. ಗೌರಿಬಿದನೂರಿನ ನಗರಗೆರೆ ಕಡೆಯ ರೈತ, ತಂದೆಯನ್ನು ನೋಡಿಕೊಳ್ಳಲು ಬಂದವನು. ಕರಾರು ಓದಿದ್ದನ್ನು ಅವನೂ ಕೇಳಿಸಿಕೊಂಡಿದ್ದ. ಈಗ ಹಾಳೆ ಕೈಗೆ ತೆಗೆದುಕೊಂಡು ತಲೆಬರಹ ನೋಡಿದ. ನನ್ನನ್ನು ನೋಡಿದ, ಆ ಹೆಂಗಸನ್ನು ನೋಡಿದ, ತನ್ನ ತಂದೆಯ ಹಾಸಿಗೆಯನ್ನು ನೋಡಿದ. ರುಜು ಹಾಕಿ ಹೊರಗೆ ಹೋದ. ಆಮೇಲೆ ಕ್ಯಾಂಟೀನಿನಲ್ಲಿ ಸಿಕ್ಕಾಗ ಅವನೇ ನನ್ನ ಟೀಗೂ ದುಡ್ಡು ಕೊಟ್ಟು, "ನಮ್ಮಪ್ಪನ್ಗೆ ಓದಕ್ಕೆ ಬರಲ್ಲ, ಒಳ್ಳೇದೇ ಆಯ್ತು ಬಿಡಿ," ಅಂದ.

ಕರಾರನ್ನು ರೀಲರಿಗೆ ಮುಟ್ಟಿಸಿ ಅಡ್ವಾನ್ಸ್ ತರುವ ಕೆಲಸ ನನ್ನದು ಎಂದಾಗಿತ್ತು. ಉಯಿಲನ್ನು ಚೀಲದಲ್ಲಿಟ್ಟುಕೊಂಡು ಸೋಮವಾರ ಮಧ್ಯಾಹ್ನ ಬಸ್ಸು ಹತ್ತಿದೆ. ಶಿಡ್ಲಘಟ್ಟದಲ್ಲಿ ಇಳಿದು ಬೀದಿಗೆ ಬಂದೆ. ರೀಲರು ತನ್ನ ಘಟಕದ ಬಾಗಿಲಲ್ಲೇ ನಿಂತು ಗೂಡಿನ ಚೀಲ ಇಳಿಸಿಕೊಳ್ಳುತ್ತಿದ್ದ. "ರೈಟ್ರು ಹೆಂಗವ್ರೆ ಸಾರ್?" ಎಂದು ಕೇಳಿದ. ಬಾಯಿ ಬಿಟ್ಟು ಒಂದು ಮಾತು ಹೇಳಬಹುದಿತ್ತು. ಆ ಮನುಷ್ಯ ಸಾಲವಾಗಿಯೇ ಕೊಡುತ್ತಿದ್ದನೋ ಏನೋ. "ಪರವಾಗಿಲ್ಲಪ್ಪ," ಅಂದೆ. ಮನೆಗೆ ಹೋಗಿ ಉಯಿಲನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಮಂಗಳವಾರ ಆಸ್ಪತ್ರೆಯ ಬಾಗಿಲಲ್ಲೇ ಅವರ ಹೆಂಡತಿ ಕಾಯುತ್ತ ನಿಂತಿದ್ದರು. ನನ್ನ ಕೈಯ ಚೀಲವನ್ನು ನೋಡಿದರು.

"ರೀಲರು ಊರಲ್ಲಿಲ್ಲಮ್ಮ. ಧರ್ಮಾವರಕ್ಕೆ ಹೋಗಿದ್ದಾರಂತೆ, ನೂಲಿನ ವ್ಯಾಪಾರಕ್ಕೆ. ಎರಡು ದಿನ ಆಗುತ್ತಂತೆ."

ನೋಡಿ, ಈ ಸುಳ್ಳಿಗೂ ನಾನು ಒಂದು ಜಾಗ ಕೊಟ್ಟಿದ್ದೆ.

ಬುಧವಾರ ರೈಟ್ರ ಸರದಿಯಲ್ಲಿ ಬೇರೆ ಯಾರನ್ನೋ ಒಳಗೆ ತಳ್ಳಿಕೊಂಡು ಹೋದರು. ಗುರುವಾರ ಅವರ ಹೆಂಡತಿ ಗೇಟಿನ ಹತ್ತಿರ ಹೋಗಿ ಹೋಗಿ ನೋಡಿ ಬಂದರು. ರೀಲರು ಬೆಂಗಳೂರು ದಾರಿಯಲ್ಲೇ ವಾಪಸಾಗಬಹುದು, ಇಲ್ಲಿ ಇಳಿಯಬಹುದು ಎಂಬ ಲೆಕ್ಕ. ಹೆಚ್ಚುವರಿ ಮಂಜೂರಾತಿ ಪರಿಶೀಲನೆಯಲ್ಲಿದೆ ಎಂದು ನನ್ನ ಮೊಬೈಲಿಗೆ ಸಂದೇಶ ಬಂತು. ಶುಕ್ರವಾರ ರೈಟ್ರಿಗೆ ಕೆಮ್ಮು ಶುರುವಾಯಿತು. ಒಂದೊಂದು ಕೆಮ್ಮಿಗೂ ತೊಡೆ ಅಲುಗಿ ಬೆವರು ಬರುತ್ತಿತ್ತು. ಮಂಜೂರಾತಿ ಬಂದರೂ ಈಗ ಅರಿವಳಿಕೆ ಕೊಡುವಂತಿಲ್ಲ ಎಂದು ಡಾಕ್ಟರು ಹೇಳಿದರು. ಹೆಂಡತಿ ಅವರ ಎದೆ ನೀವುತ್ತ, "ಇನ್ನೊಂದಿನ ತಡ್ಕೊಳ್ರಿ, ದುಡ್ಡು ಬತ್ತೈತೆ," ಅನ್ನುತ್ತಿದ್ದರು. ರೈಟ್ರು ನನ್ನ ಕಡೆ ನೋಡುತ್ತಿದ್ದರು. ಆ ನೋಟದಲ್ಲಿ ಅಪ್ಪಣೆ ಇತ್ತೋ ಬೇಡಿಕೆ ಇತ್ತೋ ನನಗೆ ತಿಳಿಯಲಿಲ್ಲ. ಈಗ ಹೇಳಿಬಿಡಿ ಎಂದಿತ್ತೋ, ಈಗಲೂ ಹೇಳಬೇಡಿ ಎಂದಿತ್ತೋ. ನಾನು ಹೇಳಲಿಲ್ಲ. ಭಾನುವಾರ ಬೆಳಿಗ್ಗೆ, ಕಾಫಿಯ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ, ಅವರು ತೀರಿಕೊಂಡರು.

ಹನ್ನೊಂದನೆಯ ದಿನ ಕಳೆದ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿದರು. ರೀಲರು ಮಾತಾಡಿಸಲು ಬಂದಿದ್ದನಂತೆ. ತಾನು ಧರ್ಮಾವರಕ್ಕೆ ಹೋಗಿಯೇ ಇರಲಿಲ್ಲ, ಕರಾರು ಯಾವುದೂ ತನ್ನ ಹತ್ತಿರ ಬರಲಿಲ್ಲ ಎಂದು ಹೇಳಿದ್ದ.

"ಆ ಕಾಗ್ದ ತನ್ನಿ ಅಣ್ಣ. ಅವ್ರು ಓದಿದ್ದು ಬ್ಯಾಡ. ಬರ್ದಿರೋದ್ನ ಓದಿ."

ಜಗಲಿಯ ಮೇಲೆ ಕೂತು ಓದಿದೆ. ಮೊದಲಿನಿಂದ ಕೊನೆಯವರೆಗೆ, ಸಾಕ್ಷಿಗಳ ಹೆಸರೂ ಸೇರಿ. ಅವರು ಗಲ್ಲಕ್ಕೆ ಕೈ ಕೊಟ್ಟು ಕೇಳಿದರು. ಅಳಲಿಲ್ಲ.

"ಅಂದ್ರೆ ಮನೆ ನಂದು."

"ಹೌದಮ್ಮ."

"ಈಗ ಮಾರಬೋದಾ?"

"ಮಾರಬಹುದು."

"ಈಗ್ಯಾಕೆ?" ಅಂದರು. ಎದ್ದು ನಿಂತು, "ನೀವಾದ್ರೂ ಹೇಳ್ಬೋದಿತ್ತು ಅಣ್ಣ," ಅಂದು ಒಳಗೆ ಹೋದರು. ಇದಕ್ಕೆ ಮೂರು ಸಾಲಿನ ಸಮಜಾಯಿಷಿ ಬರೆದುಕೊಡಬಲ್ಲವರು ಒಬ್ಬರೇ ಇದ್ದರು.

ಅವರು ಈಗ ನನ್ನನ್ನು ಮಾತಾಡಿಸುವುದಿಲ್ಲ. ಉಯಿಲು ಸಿಂಧುವಾಗಿ ಮನೆಯ ಖಾತೆ ಅವರ ಹೆಸರಿಗೆ ಆಗಿದೆ. ಆಪರೇಷನ್ ಆಗಲಿಲ್ಲ.